ಹಬ್ಬದ ಊಟದಲ್ಲಿ ಮಿಕ್ಕ ಮೇಲೋಗರಗಳು

ಹಬ್ಬದ ದಿನ ಅಡಿಗೆಯ ಪ್ರಮಾಣವನ್ನು ಮನೆಯವರ ಹಸಿವಿನಿಂದ ಅಳೆಯುವವರು ವಿರಳ. ಬರತಕ್ಕ ಅತಿಥಿಗಳಿಗೆ ಎಲ್ಲಿ ಸಾಲದೆ ಹೋದೀತೋ ಎಂಬ ಭಯವೇ ಅಲ್ಲಿ ಅಳತೆಯ ಪಾವು. ಆದುದರಿಂದ ಯುಗಾದಿಯ ಊಟ ಮುಗಿದು ಎಲೆಗಳನ್ನು ತೆಗೆದ ಮೇಲೂ ಕೋಸಂಬರಿ, ಪಲ್ಯ, ಗೊಜ್ಜು, ಅಂಬೊಡೆ ಮುಂತಾದುವು ಪಾತ್ರೆಗಳಲ್ಲಿ ಉಳಿದಿರುತ್ತವೆ. ಇವನ್ನು ಚೆಲ್ಲಲು ಮನಸ್ಸು ಬಾರದು. ಅದೇ ರೂಪದಲ್ಲಿ ಮತ್ತೆ ಬಡಿಸಿದರೆ ನಾಲಗೆ ಒಪ್ಪದು. ಇದಕ್ಕೆ ಮಾರ್ಗವೇನೆಂಬುದನ್ನು ವಿಚಾರ ಮಾಡೋಣ.

ಮಿಕ್ಕುದನ್ನು ರುಚಿಯಾಗಿ ಮಾರ್ಪಡಿಸುವ ಕಲೆ ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಒಬ್ಬಟ್ಟಿಗಾಗಿ ಬೇಳೆಯನ್ನು ಬೇಯಿಸಿ ಬಸಿದ ಕಟ್ಟಿಗೆ ಹುಣಿಸೆಯ ರಸ, ಸಾರಿನ ಪುಡಿ, ಒಂದಿಷ್ಟು ಹೂರಣ ಇವನ್ನು ಸೇರಿಸಿ ಕುದಿಸಿದುದೇ ಒಬ್ಬಟ್ಟಿನ ಸಾರು. ಚೆಲ್ಲಿಹೋಗಬಹುದಾಗಿದ್ದ ನೀರೇ ಹಬ್ಬದ ಮುಖ್ಯ ವ್ಯಂಜನವಾದುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಮಾರ್ಪಡಿಸುವುದಕ್ಕೆ ಮೊದಲು, ಯಾವುದು ಬೇಗ ಕೆಡುತ್ತದೆಂಬುದನ್ನು ಅರಿತಿರಬೇಕು. ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ನೀರೂ ಹದವಾದ ಬಿಸಿಯೂ ಪ್ರಿಯ. ಹುಳಿಯೂ ಹೆಚ್ಚು ಉಪ್ಪೂ ಅಪ್ರಿಯ. ಹುಣಿಸೆಯ ಗೊಜ್ಜು ಕೆಲವು ದಿನ ಬಾಳಿದರೆ, ತೆಂಗಿನ ತುರಿ ಬೆರೆತ ಪಲ್ಯ ಸಂಜೆಗೇ ಹಳಸುವುದಕ್ಕೆ ಇದೇ ಕಾರಣ. 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ಅವು ಶೀಘ್ರವಾಗಿ ವೃದ್ಧಿಹೊಂದುತ್ತವೆ. ಊಟವಾಗಿ 2 ಗಂಟೆಯೊಳಗಾಗಿಯೇ ಮಿಕ್ಕುದನ್ನು ಅಗಲವಾದ ಪಾತ್ರೆಗೆ ಹರಡಿ, ಆರಿಸಿ, ರೆಫ್ರಿಜರೇಟರಿನಲ್ಲಿ ಇಡತಕ್ಕದ್ದು.

ಇನ್ನು ಮಾರ್ಪಾಟಿನ ಕ್ರಮ. ಕೋಸಂಬರಿಯಲ್ಲಿ ಉಪ್ಪು ಸೌತೆಕಾಯಿಯ ನೀರನ್ನು ಹೊರಕ್ಕೆ ಸೆಳೆಯುತ್ತದೆ. ಆ ನೀರಿನೊಡನೆಯೇ ಅಕ್ಕಿಹಿಟ್ಟನ್ನು ಕಲಸಿ ಅಂದೇ ರಾತ್ರಿ ರೊಟ್ಟಿ ತಟ್ಟಿದರೆ, ಹೆಸರುಬೇಳೆ ಕಾವಲಿಯ ಮೇಲೆ ಬೆಂದು ಸೊಗಸಾದ ರುಚಿ ಬರುತ್ತದೆ. ಹಿಟ್ಟಿಗೆ ಉಪ್ಪು ಹಾಕುವಾಗ ಮಾತ್ರ ಕೈ ಹಿಡಿತದಲ್ಲಿರಲಿ. ಹುರುಳಿಕಾಯಿ, ಎಲೆಕೋಸುಗಳ ಪಲ್ಯಕ್ಕೂ ಇದೇ ವಿಧಾನ ಸಲ್ಲುತ್ತದೆ. ಆಲೂಗೆಡ್ಡೆಯ ಪಲ್ಯವನ್ನು ಉಂಡೆ ಮಾಡಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಬೋಂಡವಾಗುತ್ತದೆ. ಮೆತ್ತಗಾದ ಅಂಬೊಡೆಯನ್ನು ಮತ್ತೆ ಎಣ್ಣೆಗೆ ಹಾಕುವುದಕ್ಕಿಂತ, ಹೊಸದಾಗಿ ಮಾಡಿದ ಮಜ್ಜಿಗೆಹುಳಿಗೆ ಬಿಡುವುದು ಲೇಸು. ಅದು ರಸವನ್ನು ಹೀರಿ ಮೃದುವಾಗುತ್ತದೆ. ಗೊಜ್ಜನ್ನು ದೋಸೆಗೆ ನಂಚಿಕೊಳ್ಳಬಹುದು. ಯಾವುದನ್ನೇ ಆಗಲಿ ಬೇಕಾದಷ್ಟನ್ನು ಮಾತ್ರ ಒಂದೇ ಬಾರಿ ಹಬೆಯಾಡುವಂತೆ ಕಾಯಿಸಬೇಕು. ಪದೇ ಪದೇ ಕಾಯಿಸಿ ಆರಿಸುವುದು ಸಲ್ಲದು.

ಅನ್ನದ ವಿಷಯದಲ್ಲಿ ವಿಶೇಷ ಎಚ್ಚರ ಅವಶ್ಯಕ. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನವನ್ನು ಹೊರಗೆಯೇ ಬಿಟ್ಟರೆ ಅವು ಮೊಳೆತು ವಿಷವನ್ನು ಉತ್ಪತ್ತಿಮಾಡಬಲ್ಲುವು. ವಾಂತಿಯನ್ನುಂಟುಮಾಡುವ ಆ ವಿಷವು ಮತ್ತೆ ಕಾಯಿಸಿದರೂ ನಾಶವಾಗದು; ವಾಸನೆಯಿಂದಲೂ ತಿಳಿಯದಿರಬಹುದು. ಮಧ್ಯಾಹ್ನದಿಂದ ಹೊರಗಿದ್ದ ಅನ್ನಕ್ಕೆ ಮರುದಿನ ಒಗ್ಗರಣೆ ಕೊಟ್ಟು ಚಿತ್ರಾನ್ನವೆಂದು ಬಡಿಸಿದರೆ ರುಚಿ ಸುಧಾರಿಸಬಹುದೇ ವಿನಾ ಅಪಾಯ ತಪ್ಪದು. ಎಳೆಯ ಮಕ್ಕಳೂ ವೃದ್ಧರೂ ಇರುವ ಮನೆಯಲ್ಲಿ ಇಂತಹ ಮಿತವ್ಯಯ ಬಹಳ ದುಬಾರಿಯಾದುದು.

ಕೊನೆಯದಾಗಿ ಒಂದು ಮಾತು. ನಾವು ಉಣ್ಣಲು ಹಿಂಜರಿಯುವುದನ್ನು ಮರುದಿನ ಮನೆಗೆಲಸದವರಿಗೆ ಕೊಟ್ಟು ದಾನಮಾಡಿದೆವೆಂದು ತೃಪ್ತಿಪಡುವ ರೂಢಿ ಕೆಲವೆಡೆ ಇದೆ. ಅವರ ಮನೆಯಲ್ಲಿಯೂ ಮಕ್ಕಳಿದ್ದಾರೆ. ಕೊಡತಕ್ಕದ್ದನ್ನು ಹಬ್ಬದ ದಿನವೇ, ಅಡಿಗೆ ಬಿಸಿಯಾಗಿರುವಾಗಲೇ, ಮೊದಲು ತೆಗೆದಿಟ್ಟು ಕೊಡೋಣ. ಆಗ ಮಿಗುವುದೂ ಕಡಿಮೆಯಾಗುತ್ತದೆ. ಹಬ್ಬವೂ ಎರಡು ಮನೆಗಳಲ್ಲಿ ನಡೆದಂತಾಗುತ್ತದೆ.