ಶಾಲೆಯ ‘ಸ್ಪೀಚ್ ಮಿಸ್’ಗೆ ಮೇಲ್ವಿಚಾರಕರು ಯಾರು?

ಮಕ್ಕಳ ಮಾತಿನ ತೊಂದರೆ ಎಷ್ಟೋ ಸಲ ಮೊದಲು ಕಾಣುವುದು ಬೆಳಗ್ಗಿನ ಮದ್ರಸದಲ್ಲಿ. ಉಮ್ಮನಿಗೆ ತನ್ನ ಮಗುವಿನ ಮಾತು ಹೇಗಿದ್ದರೂ ಅರ್ಥವಾಗುತ್ತದೆ, ಹಾಗಾಗಿ ಆಕೆಗೆ ಅದು ತೊಂದರೆ ಅಂತ ಅನ್ನಿಸುವುದಿಲ್ಲ. ಶಾಲೆಯಲ್ಲಿ ನಲ್ವತ್ತು ಮಕ್ಕಳ ನಡುವೆ ಸುಮ್ಮನೆ ಕೂತ ಮಗು ಒಳ್ಳೆಯ ಮಗು ಅನ್ನಿಸ್ಕೊಳ್ತದೆ. ನಮ್ಮಲ್ಲಿ ಹಾಗಲ್ಲ. ಒಬ್ಬೊಬ್ಬರನ್ನೇ ಮುಂದೆ ಕೂರಿಸಿ ಓದಿಸಬೇಕು. ಒಂದೊಂದು ಅಕ್ಷರದ ಮಖ್ರಜ್, ಅಂದರೆ ಅದು ಬಾಯಿಯ ಯಾವ ಜಾಗದಿಂದ ಹೊರಡುತ್ತದೆ ಎಂಬುದನ್ನು ನೋಡಬೇಕು. ‘ಸೀನ್’ ಮತ್ತು ‘ಸಾದ್’ ಒಂದೇ ಆಗಿ ಕೇಳಿದರೆ ಉಸ್ತಾದರ ಕಿವಿ ನೆಟ್ಟಗಾಗುತ್ತದೆ. ಆದರೆ ತೊಂದರೆ ಕಾಣುವುದು ಬೇರೆ, ಅದರ ಕಾರಣ ತಿಳಿಯುವುದು ಬೇರೆ. ತಜ್‌ವೀದ್ ಕಲಿತ ಮಾತ್ರಕ್ಕೆ ನಾವು ವಾಕ್ ತಜ್ಞರಾಗುವುದಿಲ್ಲ.

ಎರಡು ವರ್ಷದ ಹಿಂದೆ ಆರು ವರ್ಷದ ಒಬ್ಬ ಹುಡುಗ ನಮ್ಮ ಒಂದನೇ ತರಗತಿಗೆ ಬಂದ. ಹೆಸರು ಬೇಡ. ಎಲ್ಲರೂ ಒಟ್ಟಿಗೆ ಓದುವಾಗ ಅವನ ಬಾಯಿಯೂ ಆಡುತ್ತಿತ್ತು. ಒಬ್ಬನೇ ಓದು ಅಂದರೆ ನಮ್ಮ ತುಟಿಯನ್ನೇ ನೋಡುತ್ತಿದ್ದ. ಬೋರ್ಡಿನ ಕಡೆ ತಿರುಗಿ ನಾವು ಹೇಳಿದ ಮಾತು ಅವನಿಗೆ ತಲುಪುತ್ತಿರಲಿಲ್ಲ. ಹಠ ಅಂದುಕೊಂಡೆವು. ಒಂದೆರಡು ಸಲ ಗದರಿದ್ದೂ ಉಂಟು, ಅಲ್ಲಾಹು ಮನ್ನಿಸಲಿ. ಕೊನೆಗೆ ಅವನ ಉಮ್ಮನನ್ನು ಕರೆಸಿ ವಿಚಾರಿಸಿದಾಗ, “ಶಾಲೆಯಲ್ಲಿ ಸ್ಪೀಚ್ ಮಿಸ್ ನೋಡ್ತಿದ್ದಾರೆ ಉಸ್ತಾದ್, ಎಂಟು ತಿಂಗಳಾಯ್ತು. ಸರಿಯಾಗ್ತದೆ ಅಂತ ಹೇಳಿದ್ದಾರೆ” ಅಂದರು.

ಅದೊಂದು ಇಂಗ್ಲಿಷ್ ಮೀಡಿಯಂ ಶಾಲೆ. ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ಚಿತ್ರದ ಕಾರ್ಡ್ ತೋರಿಸಿ ಶಬ್ದ ಹೇಳಿಸುವುದು. ಅದಕ್ಕೆ ಬೇರೆ ಫೀಸು. ಜೊತೆಗೆ ಒಂದು ಸಲಹೆಯನ್ನೂ ಕೊಟ್ಟಿದ್ದರು: ಮನೆಯಲ್ಲಿ ಬ್ಯಾರಿ ನಿಲ್ಲಿಸಿ, ಇಂಗ್ಲಿಷ್ ಮಾತ್ರ ಮಾತಾಡಿ. ಹುಡುಗನ ಉಪ್ಪ ಸೌದಿಯಲ್ಲಿ. ಮನೆಯಲ್ಲಿರುವುದು ಉಮ್ಮ ಮತ್ತು ಅಜ್ಜಿ. ಅಜ್ಜಿಗೆ ಬ್ಯಾರಿ ಬಿಟ್ಟು ಬೇರೆ ಮಾತು ಬಾರದು. ಪಾಪ, ಅವರು ಮೊಮ್ಮಗನ ಹತ್ತಿರ ‘ಕಮ್’, ‘ಸಿಟ್’, ‘ಈಟ್’ ಎಂಬ ಮೂರು ಮಾತಿನಲ್ಲಿ ಎಂಟು ತಿಂಗಳು ಕಳೆದರು. ರಾತ್ರಿ ಕಥೆ ಹೇಳಿ ಮಲಗಿಸುತ್ತಿದ್ದವರು ಅದನ್ನೂ ಬಿಟ್ಟರು.

ಗುಟ್ಟು ಹೊರಬಿದ್ದದ್ದು ಒಂದು ಮದುವೆ ಮನೆಯಲ್ಲಿ. ನಮ್ಮ ಸಂಬಂಧದ ಒಬ್ಬಳು ಹುಡುಗಿ ವಾಕ್ ಶ್ರವಣದ ಡಿಪ್ಲೊಮಾ ಮಾಡಿ ಬೇರೆ ಊರಿನ ಒಂದು ಸೆಂಟರಿನಲ್ಲಿ ಸಹಾಯಕಿಯಾಗಿದ್ದಾಳೆ. ಮದುವೆಗೆ ಹೋದರೆ ಅವಳಿಗೆ ಊಟ ಮಾಡ್ಲಿಕ್ಕೆ ಪುರುಸೊತ್ತು ಇಲ್ಲ. ಎಲ್ಲರೂ ತಮ್ಮ ಮಕ್ಕಳನ್ನು ಮುಂದೆ ನಿಲ್ಲಿಸಿ “ಇವನಿಗೆ ಏನಾಗಿದೆ ಹೇಳು ಮೋಲೆ” ಅನ್ನುತ್ತಾರೆ. ಅವಳದ್ದು ಒಂದೇ ಉತ್ತರ: “ಅದನ್ನು ನಾನು ಹೇಳುವಂತಿಲ್ಲ, ನಮ್ಮ ಮೇಡಂ ನೋಡಿ ಹೇಳಬೇಕು.” ಕೆಲವರಿಗೆ ಇದು ಅಹಂಕಾರವಾಗಿ ಕಂಡದ್ದೂ ಇದೆ. ಈ ಹುಡುಗನ ವಿಷಯದಲ್ಲೂ ಅವಳು ಏನೂ ತೀರ್ಪು ಕೊಡಲಿಲ್ಲ. ಒಂದೇ ಪ್ರಶ್ನೆ ಕೇಳಿದಳು, ಕಿವಿ ಪರೀಕ್ಷೆ ಆಗಿದೆಯಾ?

ಆಗಿರಲಿಲ್ಲ. ಎಂಟು ತಿಂಗಳ ತರಬೇತಿ ಆಗಿದೆ, ಕಿವಿ ಯಾರೂ ನೋಡಿಲ್ಲ. ಮಂಗಳೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಯ ತಮಟೆಯ ಹಿಂದೆ ನೀರು ಕಟ್ಟಿಕೊಂಡದ್ದು ಗೊತ್ತಾಯಿತು. ಸಣ್ಣ ಮಕ್ಕಳಲ್ಲಿ ಇದು ಸಾಮಾನ್ಯವಂತೆ. ನೋವು ಇರಲೇಬೇಕೆಂದಿಲ್ಲ. ಶೀತವಾದಾಗ ಹೆಚ್ಚಿ, ಮತ್ತೆ ಕಡಿಮೆಯಾಗಿ, ಕೇಳಿಸುವುದೂ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಅದಕ್ಕೇ ಮನೆಯವರಿಗೆ “ಬೇಕಾದಾಗ ಕೇಳ್ತದೆ ಅವನಿಗೆ” ಅನ್ನಿಸುವುದು. ನೀರಿನೊಳಗೆ ಮುಳುಗಿ ಕೇಳಿದ ಹಾಗೆ ಕೇಳುವ ಮಗುವಿನ ಮುಂದೆ ಕಾರ್ಡ್ ಹಿಡಿದು ಹೇಳಿಸಿದರೆ ಅದು ಏನು ಕಲಿತೀತು?

ನಮಗೆ ಸಿಟ್ಟು ಬಂತು. ಆ ಸ್ಪೀಚ್ ಮಿಸ್‌ರನ್ನು ಭೇಟಿಯಾದೆವು. ಇಪ್ಪತ್ತೆರಡರ ಪ್ರಾಯದ ಹುಡುಗಿ, ಅದೇ ಒಂದು ವರ್ಷದ ಡಿಪ್ಲೊಮಾ. ಆಕೆ ತನ್ನ ನೋಟ್‌ಬುಕ್ ತೆರೆದು ತೋರಿಸಿದಾಗ ನಮ್ಮ ಸಿಟ್ಟು ಬೇರೆ ಕಡೆ ತಿರುಗಿತು. ಎರಡನೇ ತಿಂಗಳಲ್ಲೇ ಬರೆದಿದ್ದಾಳೆ: ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಕಿವಿ ಪರೀಕ್ಷೆ ಬೇಕು. ಆಡಳಿತದವರಿಗೆ ಹೇಳಿದ್ದಾಳೆ. “ನೀವು ಕ್ಲಾಸ್ ಮುಂದುವರಿಸಿ, ಪೋಷಕರನ್ನು ಹೆದರಿಸಬೇಡಿ” ಎಂಬ ಉತ್ತರ ಬಂದಿದೆ. ಇಂಗ್ಲಿಷ್ ಮಾತ್ರ ಆಡಿ ಎಂಬ ಸಲಹೆಯೂ ಶಾಲೆಯದ್ದೇ, ಆಕೆಯ ಬಾಯಿಯಿಂದ ಹೇಳಿಸಿದ್ದಾರೆ. ಆ ನೋಟ್‌ಬುಕ್ಕನ್ನು ಓದಬೇಕಾದ ಒಬ್ಬ ವಾಕ್ ತಜ್ಞರು ಆ ಶಾಲೆಯಲ್ಲಿ ಇರಲೇ ಇಲ್ಲ. ಸಹಾಯಕಿ ಇದ್ದಾಳೆ, ಆಕೆ ಯಾರಿಗೆ ಸಹಾಯಕಿಯೋ ಅವರಿಲ್ಲ!

ಇಲ್ಲಿ ಸ್ವಲ್ಪ ಓದಿನ ವಿಷಯ ಹೇಳಬೇಕು. ಯಾಕೆಂದರೆ ನಮ್ಮವರಿಗೆ ಬಿಳಿ ಕೋಟು ಹಾಕಿದವರೆಲ್ಲ ಡಾಕ್ಟರೇ. ನಮ್ಮ ದೇಶದಲ್ಲಿ ಡಿಎಚ್‌ಎಲ್‌ಎಸ್ ಎಂಬ ಒಂದು ವರ್ಷದ ಡಿಪ್ಲೊಮಾ ಉಂಟು, ಪಿಯುಸಿ ಸಾಯನ್ಸ್ ಮುಗಿಸಿದವರು ಸೇರಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರೂ ಆಯಿಷ್ ಎನ್ನುವುದು, ಅಲ್ಲಿಯೂ ಈ ಕೋರ್ಸ್ ಇದೆ. ಇದು ಸಹಾಯಕರನ್ನು ತಯಾರು ಮಾಡುವ ಓದು. ಇದರ ಮೇಲಿನದ್ದು ಬಿಎಎಸ್‌ಎಲ್‌ಪಿ ಪದವಿ, ಮೂರು ವರ್ಷ ಓದು ಮತ್ತು ಒಂದು ವರ್ಷ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಆಮೇಲೆ ಸ್ನಾತಕೋತ್ತರ. ಮಂಗಳೂರಿನ ಸುತ್ತಮುತ್ತ ಪದವಿ ಕಲಿಸುವ ಕಾಲೇಜುಗಳಿಗೆ ಕೊರತೆ ಇಲ್ಲ: ಫಾದರ್ ಮುಲ್ಲರ್, ಡಾ. ಎಂ.ವಿ. ಶೆಟ್ಟಿ, ನಿಟ್ಟೆ ಹೀಗೆ. ಡಿಪ್ಲೊಮಾ ಇರಲಿ, ಪದವಿ ಇರಲಿ, ಭಾರತೀಯ ಪುನರ್ವಸತಿ ಪರಿಷತ್ತು ಅಂದರೆ ಆರ್‌ಸಿಐಯಲ್ಲಿ ನೋಂದಣಿ ಬೇಕು. 1992ರ ಆರ್‌ಸಿಐ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡದ ಮೊತ್ತ ನೋಡಿ ನಗಬೇಡಿ, ಕಾನೂನು ಇರುವುದಂತೂ ನಿಜ.

ಸಹಾಯಕಿ ಏನು ಮಾಡಬಹುದು, ಏನು ಮಾಡಬಾರದು? ಆಕೆ ಮಕ್ಕಳನ್ನು ಪ್ರಾಥಮಿಕವಾಗಿ ತಪಾಸಣೆ ಮಾಡಬಹುದು. ತಜ್ಞರು ಬರೆದುಕೊಟ್ಟ ಅಭ್ಯಾಸವನ್ನು ದಿನದಿನವೂ ಮಾಡಿಸಬಹುದು, ಮಗು ಹತ್ತು ಸಲ ಹೇಳಿದ್ದರಲ್ಲಿ ಎಷ್ಟು ಸರಿಯಾಯಿತು ಎಂದು ಬರೆದಿಡಬಹುದು, ಕಾರ್ಡು ಆಟಿಕೆ ತಯಾರಿಸಬಹುದು, ಶ್ರವಣ ಸಾಧನದ ಬ್ಯಾಟರಿ ನೋಡಬಹುದು. ಇದು ಸಣ್ಣ ಕೆಲಸವಲ್ಲ. ನಿಜ ಹೇಳಬೇಕೆಂದರೆ ಮಗುವಿನ ಜೊತೆ ಹೆಚ್ಚು ಹೊತ್ತು ಕೂರುವುದು ಆಕೆಯೇ. ಆದರೆ ಮಗುವಿಗೆ ಇಂಥದ್ದೇ ತೊಂದರೆ ಎಂದು ಹೆಸರಿಡುವುದು, ಚಿಕಿತ್ಸೆಯ ಯೋಜನೆ ಬರೆಯುವುದು ಅಥವಾ ತನ್ನಷ್ಟಕ್ಕೇ ಬದಲಿಸುವುದು, ಇನ್ನು ಸಾಕು ಎಂದು ನಿಲ್ಲಿಸುವುದು, ಮನೆಯವರಿಗೆ ಯಾವ ಭಾಷೆ ಮಾತಾಡಬೇಕೆಂದು ಸಲಹೆ ಕೊಡುವುದು, ಇವು ಆಕೆಯ ಕೆಲಸವಲ್ಲ.

ಶಾಲೆಗಳಲ್ಲಿ ಇಂಥ ಸಹಾಯಕರನ್ನು ಬಹಳ ಕಾಲದಿಂದ ಇಟ್ಟುಕೊಂಡಿರುವ ದೇಶ ಅಮೆರಿಕ. ಅಲ್ಲಿನ ವಾಕ್ ಶ್ರವಣ ತಜ್ಞರ ಸಂಘದ ಹೆಸರು ಆಶಾ, ನಮ್ಮ ಆಶಾ ಕಾರ್ಯಕರ್ತೆಯರ ಆಶಾ ಅಲ್ಲ. ಆ ಸಂಘ 2013ರಲ್ಲಿ ಹೊರಡಿಸಿದ ದಾಖಲೆಯಲ್ಲಿ ಮೇಲ್ವಿಚಾರಣೆಗೆ ಲೆಕ್ಕವನ್ನೇ ಹಾಕಿದೆ. ಹೊಸ ಸಹಾಯಕಿಯ ಮೊದಲ 90 ಕೆಲಸದ ದಿನಗಳಲ್ಲಿ ಶೇ. 30ರಷ್ಟು ಸಮಯ ತಜ್ಞರ ಮೇಲ್ವಿಚಾರಣೆ ಇರಬೇಕು. ಅದರಲ್ಲಿ ಶೇ. 20ರಷ್ಟು ಹತ್ತಿರದಿಂದ, ಕಣ್ಣೆದುರೇ ನೋಡಬೇಕು. ಉಳಿದದ್ದು ಬರೆದಿಟ್ಟ ದಾಖಲೆ, ರೆಕಾರ್ಡಿಂಗ್ ನೋಡಿ ಚರ್ಚಿಸುವುದು. ಆಮೇಲೆ ಸಹಾಯಕಿಯ ಸಾಮರ್ಥ್ಯ ನೋಡಿ ಈ ಪ್ರಮಾಣವನ್ನು ಬದಲಿಸಬಹುದು, ಆದರೆ ಮೇಲ್ವಿಚಾರಣೆ ನಿಲ್ಲುವಂತಿಲ್ಲ. ಅಮೆರಿಕದ ಲೆಕ್ಕ ನಮ್ಮ ಶಾಲೆಗೆ ಹಾಗೆಯೇ ಹೊಂದುತ್ತದೆ ಅಂತ ನಾವು ಹೇಳುವುದಿಲ್ಲ. ಆದರೆ ಶೇ. 30 ಎಲ್ಲಿ, ಎಂಟು ತಿಂಗಳಲ್ಲಿ ಒಂದು ದಿನವೂ ಇಲ್ಲದ್ದು ಎಲ್ಲಿ?

ಇನ್ನು ಭಾಷೆಯ ಮಾತು. ನಮ್ಮ ಮನೆಗಳಲ್ಲಿ ಇದೇ ಮುಖ್ಯ. ಬ್ಯಾರಿಯಲ್ಲಿ ‘ಣ’ ಮತ್ತು ‘ನ’, ‘ಳ’ ಮತ್ತು ‘ಲ’ ಬೇರೆ ಬೇರೆಯಾಗಿ ಉಳಿದಿಲ್ಲ. ಮಲಯಾಳದವರ ಕಣ್ಣ್, ಮಣ್ಣ್ ನಮಗೆ ಕನ್ನ್, ಮನ್ನ್. ಈ ನಾಲಗೆ ಕನ್ನಡ ಶಾಲೆಗೆ ಹೋದಾಗ ‘ಮಣ್ಣು’ ‘ಮನ್ನು’ ಆಗುತ್ತದೆ. “ನಿಮ್ಮದು ಪೇಟೆಯಾ, ಹಳ್ಳಿಯಾ?” ಎಂದು ಟೀಚರ್ ಕೇಳಿದರೆ ನಮ್ಮ ಮಗು “ಹಲ್ಲಿ” ಅನ್ನುತ್ತದೆ, ಇಡೀ ಕ್ಲಾಸು ನಗುತ್ತದೆ. ನಾವೂ ಸಣ್ಣದಿರುವಾಗ ಹಾಗೆ ನಗಿಸಿದವರೇ. ಇದು ದೋಷವಲ್ಲ, ಮನೆಮಾತಿನ ಗುರುತು. ಇದು ಗೊತ್ತಿಲ್ಲದ ಸಹಾಯಕಿ ‘ಳ’ ತಿದ್ದಲಿಕ್ಕೆ ಆರು ತಿಂಗಳ ಫೀಸು ಹಾಳು ಮಾಡಬಹುದು. ಅದಕ್ಕಿಂತ ಕೆಟ್ಟದ್ದು ಇನ್ನೊಂದುಂಟು: ನಿಜವಾದ ತೊಂದರೆ ಇರುವ ಮಗುವನ್ನು “ಬ್ಯಾರಿ ಮಕ್ಕಳು ಹಾಗೇ ಮಾತಾಡುವುದು” ಎಂದು ಬಿಟ್ಟುಬಿಡಬಹುದು.

ಹಾಗಾದರೆ ಗೊತ್ತಾಗುವುದು ಹೇಗೆ? ಮಗುವಿಗೆ ನಿಜವಾದ ಭಾಷಾ ತೊಂದರೆ ಇದ್ದರೆ ಅದು ಆಡುವ ಎಲ್ಲ ಭಾಷೆಗಳಲ್ಲೂ ಕಾಣುತ್ತದೆ, ಮನೆಮಾತಿನಲ್ಲೂ. ಹಾಗಾಗಿ ಬ್ಯಾರಿಯಲ್ಲಿ ಮಗು ಹೇಗೆ ಮಾತಾಡುತ್ತದೆ ಎಂದು ನೋಡದೆ ಪರೀಕ್ಷೆ ಪೂರ್ತಿಯಾಗುವುದಿಲ್ಲ. ತಜ್ಞರಿಗೆ ಬ್ಯಾರಿ ಬಾರದೇ ಇರಬಹುದು, ಅದರಲ್ಲಿ ತಪ್ಪೇನಿಲ್ಲ. ಬ್ಯಾರಿ ಬಲ್ಲ ಸಹಾಯಕಿ ಒಬ್ಬಳು ಪಕ್ಕದಲ್ಲಿದ್ದರೆ “ಮೇಡಂ, ಇದು ನಮ್ಮ ಮಾತಿನಲ್ಲಿ ಹೀಗೆಯೇ, ಆದರೆ ಅದು ಹಾಗಲ್ಲ” ಎಂದು ಬಿಡಿಸಿ ಹೇಳುತ್ತಾಳೆ. ಈ ಒಂದು ಕೆಲಸಕ್ಕಾದರೂ ನಮ್ಮ ಹುಡುಗಿಯರು ಈ ಓದಿಗೆ ಹೋಗಬೇಕು ಎಂದು ನಮಗೆ ಆಸೆ. ಎರಡು ಮೂರು ಭಾಷೆ ಕೇಳಿದರೆ ಮಗುವಿನ ಮಾತು ತಡವಾಗುತ್ತದೆ, ಮನೆಮಾತು ಬಿಡಿ ಎಂಬುದನ್ನು ಈ ವಿದ್ಯೆಯವರು ಈಗ ಒಪ್ಪುವುದಿಲ್ಲ. ಉಮ್ಮ, ಅಜ್ಜಿ ತಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಧಾರಾಳವಾಗಿ ಮಾತಾಡಿದರೇ ಮಗುವಿಗೆ ಲಾಭ.

ಮೂಸಾ ನೆಬಿಯವರ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ತಮ್ಮ ನಾಲಗೆಯ ಗಂಟು ಬಿಡಿಸೆಂದು ಪ್ರಾರ್ಥಿಸಿದವರು, ಅದೇ ಉಸಿರಿನಲ್ಲಿ ಸಹೋದರ ಹಾರೂನರನ್ನು ಸಹಾಯಕರನ್ನಾಗಿ ಬೇಡಿಕೊಂಡರು. ಸೂರಃ ತಾಹಾದಲ್ಲಿದೆ. ಫಿರ್‌ಔನನ ಬಳಿಗೆ ಇಬ್ಬರೂ ಕೂಡಿಯೇ ಹೋದರು. ಸಹಾಯಕನನ್ನು ಒಬ್ಬನೇ ಹೋಗು ಎಂದು ಮುಂದೆ ದೂಡಿದ ಕಥೆ ಅದಲ್ಲ.

ನಮ್ಮ ಸಮುದಾಯದ ಟ್ರಸ್ಟುಗಳು ನಡೆಸುವ ಶಾಲೆಗಳವರು ಇದನ್ನು ಓದುತ್ತಾರೆ ಎಂಬ ಭರವಸೆಯಲ್ಲಿ ಒಂದು ಮಾತು. ಡಿಪ್ಲೊಮಾದವರ ಸಂಬಳ ಕಡಿಮೆ, ಅವರನ್ನೇ ಇಟ್ಟು ಬೋರ್ಡಿನಲ್ಲಿ ‘ಸ್ಪೀಚ್ ಥೆರಪಿ ಸೌಲಭ್ಯವಿದೆ’ ಎಂದು ಬರೆಸುವುದು ಸುಲಭ. ಪೂರ್ಣಾವಧಿಗೆ ಒಬ್ಬ ತಜ್ಞರನ್ನು ಇಡುವುದು ಸಣ್ಣ ಶಾಲೆಗೆ ಕಷ್ಟ, ಒಪ್ಪಿದೆವು. ಆದರೆ ಹತ್ತಿರದ ನಾಲ್ಕೈದು ಶಾಲೆಗಳು ಸೇರಿ ಒಬ್ಬ ತಜ್ಞರನ್ನು ಗೊತ್ತು ಮಾಡಿ, ವಾರಕ್ಕೆ ಒಂದೊಂದು ದಿನ ಒಂದೊಂದು ಶಾಲೆಗೆ ಬರುವಂತೆ ಮಾಡಲಿಕ್ಕೆ ಆಗುವುದಿಲ್ಲವೇ? ಶಾಲಾ ವಾಹನ, ಪರೀಕ್ಷೆ ಪೇಪರ್ ಎಲ್ಲ ಹಾಗೆ ಕೂಡಿ ಮಾಡುತ್ತೇವಲ್ಲ. ಮೊದಲ ದಿನ ಪ್ರತಿ ಮಗುವನ್ನೂ ತಜ್ಞರೇ ನೋಡಲಿ, ಕಿವಿ ಪರೀಕ್ಷೆಯ ವರದಿ ಇಲ್ಲದೆ ತರಬೇತಿ ಶುರು ಮಾಡದಿರಲಿ. ಸಹಾಯಕಿ ಬರೆದದ್ದನ್ನು ತಜ್ಞರು ಓದಿ ಸಹಿ ಹಾಕಲಿ. ಆ ಸಹಿಯ ಪುಟವನ್ನು ಪೋಷಕರು ನೋಡುವಂತಿರಲಿ.

ಪೋಷಕರಿಗೂ ಕೇಳುವ ಹಕ್ಕುಂಟು. ನಾಚಬೇಡಿ. ನಿಮ್ಮ ಓದು ಏನು, ಆರ್‌ಸಿಐ ನಂಬರ್ ಎಷ್ಟು, ನಿಮ್ಮ ಮೇಲ್ವಿಚಾರಕರು ಯಾರು, ಅವರು ನನ್ನ ಮಗುವನ್ನು ಕೊನೆಯ ಸಲ ನೋಡಿದ್ದು ಯಾವಾಗ? ಒಳ್ಳೆಯ ಸಹಾಯಕಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ, ಬಲ ಬರುತ್ತದೆ. ಸರಕಾರಿ ಶಾಲೆಯ ಮಕ್ಕಳಾದರೆ ಆರ್‌ಬಿಎಸ್‌ಕೆ ವೈದ್ಯರ ತಂಡ ವರ್ಷಕ್ಕೊಮ್ಮೆ ಶಾಲೆಗೆ, ಎರಡು ಸಲ ಅಂಗನವಾಡಿಗೆ ಬರಬೇಕು. ಆ ದಿನ ಮಗುವಿಗೆ ರಜೆ ಹಾಕಿಸಬೇಡಿ, ಕಿವಿಯ ಸಂಶಯ ಇದ್ದರೆ ಬಾಯಿಬಿಟ್ಟು ಹೇಳಿ. ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಇಒ ಆಫೀಸಿನ ಮಟ್ಟದಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಹೆಡ್‌ಮಾಸ್ತರರ ಹತ್ತಿರ ಅವರ ಫೋನ್ ನಂಬರ್ ಕೇಳಿ ತೆಗೆದುಕೊಳ್ಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವಿಧಗಳಲ್ಲಿ ಶ್ರವಣ ದೋಷವೂ ಇದೆ, ವಾಕ್ ಮತ್ತು ಭಾಷಾ ದೋಷವೂ ಇದೆ ಎಂಬುದು ಹಲವರಿಗೆ ಗೊತ್ತಿಲ್ಲ.

ಆ ಹುಡುಗನಿಗೆ ಇಎನ್‌ಟಿ ಡಾಕ್ಟರ ಚಿಕಿತ್ಸೆಯಾಯಿತು. ಆಮೇಲೆ ಮಂಗಳೂರಿನ ತಜ್ಞೆಯೊಬ್ಬರು ಯೋಜನೆ ಬರೆದುಕೊಟ್ಟರು. ಅದನ್ನು ಮಾಡಿಸುತ್ತಿರುವುದು ಹಿಂದಿನ ಅದೇ ಸ್ಪೀಚ್ ಮಿಸ್. ಈಗ ತಿಂಗಳಿಗೊಮ್ಮೆ ನೋಟ್‌ಬುಕ್ ಹಿಡಿದುಕೊಂಡು ಆ ತಜ್ಞೆಯ ಬಳಿಗೆ ಹೋಗಿ ಬರುತ್ತಾಳೆ, ಬಸ್ ಖರ್ಚು ಹುಡುಗನ ಉಪ್ಪನದ್ದು. ಅಜ್ಜಿ ಇಂಗ್ಲಿಷ್ ಬಿಟ್ಟರು, ರಾತ್ರಿಯ ಕಥೆ ಮತ್ತೆ ಶುರುವಾಗಿದೆ. ಮದ್ರಸದಲ್ಲಿ ‘ರಾ’ ಇನ್ನೂ ಪೂರ್ತಿ ಕೂಡಿಲ್ಲ, ಆದರೆ ನಾವು ಬೋರ್ಡಿನ ಕಡೆ ತಿರುಗಿ ಹೇಳಿದರೂ ಹಿಂದಿನ ಬೆಂಚಿನಿಂದ ಉತ್ತರ ಬರುತ್ತದೆ. ‘ಮಣ್ಣು’ ಅನ್ನಲಿಕ್ಕೆ ‘ಮನ್ನು’ ಅಂತಲೇ ಹೇಳ್ತಾನೆ. ಅಜ್ಜಿಯೂ ಹಾಗೆಯೇ ಹೇಳುವುದು, ನಾವೂ ಹಾಗೆಯೇ. ಮುಂದಿನ ಕಿವಿ ಪರೀಕ್ಷೆ ರಮಝಾನ್ ಕಳೆದ ಮೇಲೆ, ಇನ್‌ಶಾ ಅಲ್ಲಾಹ್.