ಸುಬ್ರಹ್ಮಣ್ಯದಿಂದ ಮಂಗಳೂರಿಗೆ ಎದೆನೋವಿನ ದಾರಿ

ಅಡಿಕೆ ಕೊಯ್ಲಿನ ದಿನ. ತೋಟದಿಂದ ಬಂದವರಿಗೆ ಎದೆಯಲ್ಲಿ ಉರಿ, ಮೈಯೆಲ್ಲ ಬೆವರು. “ಗ್ಯಾಸ್ ಆಗಿರ್ಬೇಕು ಮಾವ, ಒಂದು ಸೋಡಾ ಕುಡಿರಿ” ಎಂಬುದು ನಮ್ಮ ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು. ಸೋಡಾ ಆದ ಮೇಲೆ ಜೀರಿಗೆ ಕಷಾಯ, ಅದೂ ಆದ ಮೇಲೆ ಜೀಪಿಗೆ ಫೋನು. ಪುತ್ತೂರಿನಿಂದ ಮಂಗಳೂರಿಗೆ 50 ಕಿ.ಮೀ. ಆಸುಪಾಸು, ಸುಳ್ಯದಿಂದ 80ರ ಮೇಲೆ, ಕಡಬ ತಾಲೂಕಿನ ಸುಬ್ರಹ್ಮಣ್ಯದಿಂದಾದರೆ 100 ದಾಟುತ್ತದೆ. ಸುಳ್ಯದಲ್ಲಿ ಕೆವಿಜಿ ವೈದ್ಯಕೀಯ ಕಾಲೇಜು ಬಂದು ಆ ಭಾಗದವರಿಗೆ ದಾರಿ ಸ್ವಲ್ಪ ಮೊಟಕಾಯಿತು. ಆದರೂ ಹಾರ್ಟಿನ ಡಾಕ್ಟರು ಎಂದರೆ ಮಂಗಳೂರೇ ಎಂಬ ರೂಢಿ ಹೋಗಿಲ್ಲ.

ಈ ದೂರವನ್ನು ಮೊದಲು ಕಿರಿದು ಮಾಡಹೊರಟದ್ದು ಸರ್ಕಾರವಲ್ಲ. ಮಂಗಳೂರು ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಆರಂಭಿಸಿದರು. ಹಳ್ಳಿಯ ವೈದ್ಯರಿಗೆ, ಆರೋಗ್ಯ ಕೇಂದ್ರಗಳಿಗೆ, ಜನೌಷಧಿ ಮಳಿಗೆಗಳಿಗೆ ಇಸಿಜಿ ಯಂತ್ರ ಕೊಡಿಸುವುದು, ಗೆರೆ ಮೂಡಿದ ಆ ಕಾಗದದ ಚಿತ್ರ ವಾಟ್ಸ್ಆ್ಯಪ್ ಗುಂಪಿಗೆ ಬಂದ ಕೂಡಲೇ ತಜ್ಞರು ನೋಡಿ ಉತ್ತರಿಸುವುದು. ಇದು ಗ್ಯಾಸೋ ಹಾರ್ಟೋ ಎಂಬುದು ಊರಲ್ಲೇ ತಿಳಿಯುವ ಹಾಗಾಯಿತು. ಇಷ್ಟು ಸರಳವಾದ ಕೆಲಸಕ್ಕೆ ಒಬ್ಬ ವೈದ್ಯರು ಮುಂದಾಗುವವರೆಗೆ ಕಾಯಬೇಕಾಯಿತಲ್ಲ ಎಂಬ ಬೇಸರ ನನಗಿದೆ.

ಸರ್ಕಾರದ ಹೆಜ್ಜೆ ಬಂದದ್ದು ಒಂದು ದೊಡ್ಡ ದುಃಖದ ನಂತರ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಸ್ತಂಭನದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಅವರ ನೆನಪಿನಲ್ಲಿ ಜಿಲ್ಲಾ ಮತ್ತು ತಾಲೂಕು ಆಸ್ಪತ್ರೆಗಳಿಗೆ, ಲಯ ತಪ್ಪಿ ಅದುರುವ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಬಡಿತವನ್ನು ಲಯಕ್ಕೆ ತರುವ ಎಇಡಿ ಯಂತ್ರ ಒದಗಿಸಲು 2023ರ ಜುಲೈ ಬಜೆಟ್‌ನಲ್ಲಿ 6 ಕೋಟಿ ರೂಪಾಯಿ ಇಟ್ಟರು. ಅದೇ ನವೆಂಬರ್‌ನಲ್ಲಿ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಜಾರಿಗೆ ಬಂತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ಕೆಲವೇ ನಿಮಿಷಗಳಲ್ಲಿ ತಜ್ಞರ ವರದಿ ಬರುತ್ತದೆ. ರಕ್ತನಾಳ ಕಟ್ಟಿದೆ ಎಂದಾದರೆ ಅಲ್ಲಿಯೇ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು, ಆಮೇಲೆ ದೊಡ್ಡ ಆಸ್ಪತ್ರೆಗೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಈ ಮದ್ದಿಗೆ ಹೊರಗೆ 30ರಿಂದ 45 ಸಾವಿರ ರೂಪಾಯಿ, ಅಲ್ಲಿ ಉಚಿತ. ನೋವು ಶುರುವಾದ ಮೊದಲ ಗಂಟೆಗಳಲ್ಲಿ ಕೊಟ್ಟರೆ ಗುಣ ಹೆಚ್ಚು, 12 ಗಂಟೆ ಕಳೆದರೆ ಹೆಚ್ಚೇನೂ ಉಪಯೋಗವಿಲ್ಲ. ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ರಾಜ್ಯವನ್ನೇ ಕಂಗೆಡಿಸಿದ ಮೇಲೆ, ಯೋಜನೆಯನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ 2025ರ ಜುಲೈಯಲ್ಲಿ ಸರ್ಕಾರ ಹೇಳಿತು.

ಇದೆಲ್ಲ ರೋಗ ಬಂದ ಮೇಲಿನ ಖರ್ಚು. ಬಾರದಂತೆ ತಡೆಯುವ ಖರ್ಚಿನ ಕಥೆ ಇನ್ನೂ ಹಳೆಯದು. ಸಕ್ಕರೆ ಕಾಯಿಲೆ, ಹೃದ್ರೋಗ, ಪಾರ್ಶ್ವವಾಯು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲೇ ಶುರುವಾಯಿತು. ಖರ್ಚಿನಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಮೂವತ್ತು ದಾಟಿದವರ ಬಿಪಿ, ಶುಗರ್ ನೋಡುವುದು ಅದರ ಮುಖ್ಯ ಕೆಲಸ. ಆಶಾ ಕಾರ್ಯಕರ್ತೆ ಗುಡ್ಡ ಹತ್ತಿ ಇಳಿದು, ಸಂಕ ದಾಟಿ ಮನೆಗೆ ಬಂದರೆ “ಬಿಪಿ ಈಗ ಸರಿ ಉಂಟು, ಮತ್ತೆ ಯಾಕೆ ಮಾತ್ರೆ?” ಎಂಬ ಪ್ರಶ್ನೆ. ಸರಿ ಇರುವುದು ಮಾತ್ರೆಯಿಂದಲೇ ಎಂದು ಆಕೆ ಎಷ್ಟು ಸಲ ಹೇಳಬೇಕು! ಒಳಗೆ ಭರಣಿಯಲ್ಲಿ ಉಪ್ಪುನೀರಿನ ಹಲಸಿನ ಸೊಳೆ, ಮಾವಿನಕಾಯಿ. ಗಂಜಿಯ ಬದಿಗೆ ಒಣಮೀನು. ಮಳೆಗಾಲಕ್ಕೆ ಹಿರಿಯರು ಮಾಡಿಟ್ಟುಕೊಂಡ ರುಚಿ ಅದು. ಬಿಡಿ ಎನ್ನಲು ನನಗೂ ಬಾಯಿ ಬರುವುದಿಲ್ಲ, ಆದರೆ ಬಿಪಿ ಇದ್ದವರಿಗೆ ಆ ಉಪ್ಪು ಒಳ್ಳೆಯದಲ್ಲ.

ಲೆಕ್ಕ ಹಾಕಿ ನೋಡಿ. ಜನೌಷಧಿಯಲ್ಲಿ ಬಿಪಿಗೆ ಕೊಡುವ ಅಮ್ಲೋಡಿಪಿನ್ 10 ಮಾತ್ರೆಗೆ 10 ರೂಪಾಯಿಯೂ ಇಲ್ಲ. ದಿನಕ್ಕೊಂದರಂತೆ ವರ್ಷವಿಡೀ ನುಂಗಿದರೂ 365 ರೂಪಾಯಿ ದಾಟದು. 45 ಸಾವಿರದ ಒಂದು ಚುಚ್ಚುಮದ್ದಿನ ದುಡ್ಡಿನಲ್ಲಿ 120 ಮಂದಿಗೆ ವರ್ಷದ ಮಾತ್ರೆ ಬರುತ್ತದೆ. ಚುಚ್ಚುಮದ್ದು ಬೇಡ ಎನ್ನುತ್ತಿಲ್ಲ, ಅದು ಕಡಬದ ಒಳಗಿನ ಹಳ್ಳಿಯವರ ಕೈಗೂ ಸಮಯಕ್ಕೆ ಸಿಗಲೇಬೇಕು. ಆದರೆ ಆಶಾ ಕಾರ್ಯಕರ್ತೆಯ ಗೌರವಧನಕ್ಕೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಮುಗಿಯದಂತೆ ನೋಡಿಕೊಳ್ಳುವುದಕ್ಕೆ ಕೈ ಬಿಗಿ ಹಿಡಿಯುವುದು ತಪ್ಪು.

ಮುಂದಿನ ಸಲ ಆಕೆ ಅಂಗಳಕ್ಕೆ ಬಂದಾಗ ಕೆಲಸ ಬದಿಗಿಟ್ಟು ತೋಳು ಚಾಚಿ, ಬಿಪಿ ನೋಡಿಸಿಕೊಳ್ಳಿ. ಎದೆನೋವು ಬಂದರೆ ಸೋಡಾ ಹುಡುಕಬೇಡಿ, ಮೊದಲು ಇಸಿಜಿ ಮಾಡಿಸಿ.