ಬಯೋಕಾನ್ ಸಂಸ್ಥೆಯ ನಾಯಕತ್ವ ಮತ್ತು ನಿರ್ದೇಶಕ ಮಂಡಳಿ

ಬಯೋಕಾನ್ ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಭಾರತೀಯ ಜೈವಿಕ ತಂತ್ರಜ್ಞಾನ ಸಂಸ್ಥೆಯಾಗಿದೆ. 1978ರ ನವೆಂಬರ್ 29ರಂದು ಕಿರಣ್ ಮಜುಂದಾರ್ ಅವರು ಐರ್ಲೆಂಡಿನ ಒಂದು ಕಿಣ್ವ ತಯಾರಿಕಾ ಸಂಸ್ಥೆಯ ಸಹಭಾಗಿತ್ವದಲ್ಲಿ ಇದನ್ನು ಸ್ಥಾಪಿಸಿದರು. ಆರಂಭದಲ್ಲಿ ಕೈಗಾರಿಕಾ ಕಿಣ್ವಗಳನ್ನು ತಯಾರಿಸುತ್ತಿದ್ದ ಸಂಸ್ಥೆಯು ಮುಂದೆ ಸ್ಟ್ಯಾಟಿನ್‌ಗಳು, ಇನ್ಸುಲಿನ್ ಹಾಗೂ ಕ್ಯಾನ್ಸರ್ ಚಿಕಿತ್ಸೆಯ ಪ್ರತಿಕಾಯಗಳ ತಯಾರಿಕೆಗೆ ವಿಸ್ತರಿಸಿತು. ಈ ಬದಲಾವಣೆಗಳ ಪ್ರತಿ ಹಂತದಲ್ಲೂ ಸಂಸ್ಥೆಯ ಚುಕ್ಕಾಣಿ ಹಿಡಿದವರ ವಿದ್ಯಾಭ್ಯಾಸ ಮತ್ತು ವೃತ್ತಿಯ ಹಿನ್ನೆಲೆ ನಿರ್ಣಾಯಕವಾಗಿತ್ತು. ಔಷಧಶಾಸ್ತ್ರ ಓದಿದವರಿಗಿಂತ ಹುದುಗುವಿಕೆಯ ತಂತ್ರ ಬಲ್ಲವರು ಕಟ್ಟಿದ ಸಂಸ್ಥೆ ಎಂಬುದು ಇದರ ವಿಶೇಷ.

ಸ್ಥಾಪಕಿಯ ಹಿನ್ನೆಲೆ

ಕಿರಣ್ ಮಜುಂದಾರ್ 1953ರ ಮಾರ್ಚ್ 23ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ರಸೇಂದ್ರ ಮಜುಂದಾರ್ ಯುನೈಟೆಡ್ ಬ್ರೂವರೀಸ್ ಸಂಸ್ಥೆಯಲ್ಲಿ ಬಿಯರ್ ತಯಾರಿಕೆಯ ಮುಖ್ಯಸ್ಥರಾಗಿದ್ದರು. ಕಿರಣ್ 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದರು. ಬಳಿಕ ತಂದೆಯ ಸಲಹೆಯಂತೆ ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲಿ ಬಿಯರ್ ತಯಾರಿಕೆಯ ವಿಜ್ಞಾನವನ್ನು ಅಭ್ಯಸಿಸಿ 1975ರಲ್ಲಿ ಆ ವಿಷಯದ ಪದವಿ ಗಳಿಸಿದರು. ಭಾರತಕ್ಕೆ ಹಿಂದಿರುಗಿ ಕೊಲ್ಕತ್ತಾ ಮತ್ತು ಬರೋಡಾಗಳಲ್ಲಿ ಕೆಲಕಾಲ ದುಡಿದರಾದರೂ ಬಿಯರ್ ತಯಾರಿಕೆಯ ಮುಖ್ಯಸ್ಥರ ಹುದ್ದೆ ಅವರಿಗೆ ದೊರೆಯಲಿಲ್ಲ. ಅದು ಗಂಡಸರ ಕೆಲಸ ಎಂಬ ಕಾರಣವನ್ನೇ ಅವರಿಗೆ ನೀಡಲಾಯಿತು.

ಇದೇ ಸಮಯದಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಬಯೋಕಾನ್ ಬಯೋಕೆಮಿಕಲ್ಸ್ ಸಂಸ್ಥೆಯ ಸ್ಥಾಪಕ ಲೆಸ್ಲಿ ಆಕಿನ್‌ಕ್ಲಾಸ್ ಭಾರತದಲ್ಲಿ ಒಬ್ಬ ಉದ್ಯಮಿಯನ್ನು ಹುಡುಕುತ್ತಿದ್ದರು. ಅವರ ಸಂಸ್ಥೆಗೆ ಬೇಕಾಗಿದ್ದ ಎರಡು ಕಚ್ಚಾವಸ್ತುಗಳು ಭಾರತದಲ್ಲಿ ಹೇರಳವಾಗಿದ್ದವು. ಮೊದಲನೆಯದು ಪರಂಗಿಕಾಯಿಯ ಹಾಲಿನಿಂದ ತೆಗೆಯುವ ಪಪೈನ್ ಎಂಬ ಕಿಣ್ವ. ಬಿಯರನ್ನು ಮಬ್ಬಾಗಿಸುವ ಪ್ರೋಟೀನುಗಳನ್ನು ಇದು ಒಡೆಯುತ್ತದೆ. ಎರಡನೆಯದು ಮೀನಿನ ಗಾಳಿಚೀಲದಿಂದ ದೊರೆಯುವ ಐಸಿಂಗ್ಲಾಸ್. ಇದು ಯೀಸ್ಟನ್ನು ತಳಕ್ಕೆ ಇಳಿಸಿ ಬಿಯರನ್ನು ತಿಳಿಯಾಗಿಸುತ್ತದೆ. ಇವೆರಡರ ಉಪಯೋಗವನ್ನು ಬಿಯರ್ ತಯಾರಿಕೆ ಕಲಿತವರಿಗೆ ವಿವರಿಸಬೇಕಾದ ಅಗತ್ಯವಿರಲಿಲ್ಲ. ಕೈಗೆ ಸಿಗದ ಹುದ್ದೆಗಾಗಿ ಕಲಿತ ವಿದ್ಯೆಯೇ ಹೊಸ ಉದ್ಯಮಕ್ಕೆ ಬಂಡವಾಳವಾಯಿತು.

ಕಾರ್ಕ್‌ನಲ್ಲಿ ಅಲ್ಪಕಾಲದ ತರಬೇತಿಯ ನಂತರ ಅವರು ಬೆಂಗಳೂರಿನ ಬಾಡಿಗೆ ಮನೆಯೊಂದರ ಕಾರ್ ಶೆಡ್ಡಿನಲ್ಲಿ 10,000 ರೂಪಾಯಿ ಬಂಡವಾಳದೊಂದಿಗೆ ಕೆಲಸ ಆರಂಭಿಸಿದರು. ವಿದೇಶಿ ಬಂಡವಾಳದ ಮೇಲೆ ಅಂದು ಇದ್ದ ನಿರ್ಬಂಧಗಳಿಂದಾಗಿ ಶೇ. 70ರಷ್ಟು ಷೇರುಗಳು ಭಾರತೀಯ ಪಾಲುದಾರರಾದ ಕಿರಣ್ ಅವರ ಹೆಸರಿನಲ್ಲೇ ಇರಬೇಕಾಯಿತು. ಪರವಾನಗಿ ಪಡೆಯಲು ಒಪ್ಪಿಕೊಂಡ ಈ ಷರತ್ತು ಮುಂದೆ ಸಂಸ್ಥೆಯ ಸ್ವಾತಂತ್ರ್ಯಕ್ಕೆ ಆಧಾರವಾಯಿತು. ಇಪ್ಪತ್ತೈದು ವರ್ಷದ ಮಹಿಳೆ, ಜನರು ಕೇಳಿರದ ಉದ್ಯಮ, ಅಡವಿಡಲು ಆಸ್ತಿಯಿಲ್ಲ ಎಂಬ ಕಾರಣಗಳಿಂದ ಬ್ಯಾಂಕುಗಳು ಸಾಲ ನೀಡಲು ಹಿಂಜರಿದವು. ಆದರೂ ಒಂದು ವರ್ಷದೊಳಗೆ ಅಮೆರಿಕ ಮತ್ತು ಯುರೋಪಿಗೆ ಕಿಣ್ವಗಳ ರಫ್ತು ಆರಂಭವಾಯಿತು. ಹೊಸೂರು ರಸ್ತೆಯ ಹೆಬ್ಬಗೋಡಿಯಲ್ಲಿ ಸಂಸ್ಥೆಯು 20 ಎಕರೆ ಭೂಮಿಯನ್ನು ಖರೀದಿಸಿತು. (ಬೆಂಗಳೂರು ಮೆಟ್ರೋದ ಹಳದಿ ಮಾರ್ಗದಲ್ಲಿ ಆ ಊರಿನ ನಿಲ್ದಾಣಕ್ಕೆ ಇಂದು ಊರಿನ ಹೆಸರಿನ ಜೊತೆ ಸಂಸ್ಥೆಯ ಹೆಸರೂ ಸೇರಿದೆ.)

ವಿದೇಶಿ ಪಾಲುದಾರರು ಮತ್ತು 1998ರ ಷೇರು ಖರೀದಿ

1989ರಲ್ಲಿ ಐರ್ಲೆಂಡಿನ ಮೂಲ ಸಂಸ್ಥೆಯನ್ನು ಯೂನಿಲಿವರ್ ಕೊಂಡುಕೊಂಡಿತು. ಹೀಗೆ ಬೆಂಗಳೂರಿನ ಸಂಸ್ಥೆಗೆ ತಾನು ಆರಿಸಿಕೊಳ್ಳದ ಪಾಲುದಾರರೊಬ್ಬರು ದೊರೆತಂತಾಯಿತು. 1997ರಲ್ಲಿ ಯೂನಿಲಿವರ್ ತನ್ನ ವಿಶೇಷ ರಾಸಾಯನಿಕಗಳ ವಿಭಾಗವನ್ನು ಬ್ರಿಟನ್ನಿನ ಐಸಿಐ ಸಂಸ್ಥೆಗೆ ಮಾರಿದಾಗ ಬಯೋಕಾನ್‌ನ ಷೇರುಗಳೂ ಅದರೊಂದಿಗೆ ಕೈಬದಲಾದವು. ಎರಡು ಬಾರಿಯೂ ಮಾತುಕತೆ ನಡೆದದ್ದು ಯುರೋಪಿನಲ್ಲಿ.

ದೂರದ ಮಂಡಳಿಗಳು ಇಲ್ಲಿನ ಉದ್ಯಮದ ಹಣೆಬರಹ ಬರೆಯುವುದು ಈ ಭಾಗಕ್ಕೆ ಹೊಸದಾಗಿರಲಿಲ್ಲ. ಕೋರಮಂಡಲ್, ಚಾಂಪಿಯನ್ ರೀಫ್ ಮುಂತಾದ ವಸತಿಗಳನ್ನೊಳಗೊಂಡ ಕೋಲಾರ ಚಿನ್ನದ ಗಣಿ ಪ್ರದೇಶವನ್ನು 1880ರ ದಶಕದಿಂದ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್. ಗಣಿ ಕಂಪನಿಗಳ ನಿರ್ದೇಶಕರು ಸಭೆ ಸೇರುತ್ತಿದ್ದುದು ಲಂಡನ್ನಿನಲ್ಲಿ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ಪಡೆಯುವವರೆಗೂ ಆ ವ್ಯವಸ್ಥೆ ಮುಂದುವರಿದಿತ್ತು. ಅಲ್ಲಿ ಬದಲಾವಣೆ ಬಂದದ್ದು ಸರ್ಕಾರದ ಮೂಲಕವಾದರೆ, ಬಯೋಕಾನ್‌ನಲ್ಲಿ ಅದು ಖಾಸಗಿ ಖರೀದಿಯ ಮೂಲಕ ಬಂದಿತು.

ಆ ಖರೀದಿ ಮಾಡಿದವರು ಜಾನ್ ಶಾ. ಸ್ಕಾಟ್ಲೆಂಡಿನವರಾದ ಇವರು ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಮತ್ತು ರಾಜಕೀಯ ಅರ್ಥಶಾಸ್ತ್ರ ಓದಿ, ಜವಳಿ ಉದ್ಯಮ ಸೇರಿ, ಮಧುರಾ ಕೋಟ್ಸ್ ಸಂಸ್ಥೆಯ ಅಧ್ಯಕ್ಷರಾಗಿ ಬೆಂಗಳೂರಿನಲ್ಲಿದ್ದರು. 1998ರಲ್ಲಿ ಅವರು ಐಸಿಐ ಬಳಿಯಿದ್ದ ಷೇರುಗಳನ್ನು ಸುಮಾರು 20 ಲಕ್ಷ ಡಾಲರುಗಳಿಗೆ ಕೊಂಡರು. ಅದೇ ವರ್ಷ ಅವರಿಗೂ ಕಿರಣ್ ಅವರಿಗೂ ವಿವಾಹವಾಯಿತು. ಬಳಿಕ ಜಾನ್ ಶಾ ಜವಳಿ ಉದ್ಯಮವನ್ನು ತೊರೆದು ಬಯೋಕಾನ್ ಸೇರಿ, 2001ರಿಂದ 2021ರವರೆಗೆ ಉಪಾಧ್ಯಕ್ಷರಾಗಿ ಹಣಕಾಸು ಮತ್ತು ಆಡಳಿತ ವ್ಯವಸ್ಥೆಗಳ ಮೇಲ್ವಿಚಾರಣೆ ವಹಿಸಿದ್ದರು. ವಿಜ್ಞಾನದ ಪದವಿಯಿಲ್ಲದ ವ್ಯಕ್ತಿಯೊಬ್ಬರು ವಿಜ್ಞಾನಾಧಾರಿತ ಸಂಸ್ಥೆಯ ಎರಡನೇ ಸ್ಥಾನದಲ್ಲಿ ಎರಡು ದಶಕ ಇದ್ದುದು ಗಮನಾರ್ಹ. ಅವರು 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ವೃತ್ತಿಪರ ವ್ಯವಸ್ಥಾಪಕರು

1980ರ ದಶಕದ ಉತ್ತರಾರ್ಧದಲ್ಲಿ ಸಂಸ್ಥೆಯು ಘನ ಮಾಧ್ಯಮದ ಮೇಲೆ ಸೂಕ್ಷ್ಮಜೀವಿಗಳನ್ನು ಬೆಳೆಸುವ ಸ್ವಂತ ತಂತ್ರವನ್ನು ರೂಪಿಸಿತು. ಐಸಿಐಸಿಐ ಸಂಸ್ಥೆಯ ನಾರಾಯಣನ್ ವಾಘುಲ್ ಅವರ ಬೆಂಬಲದಿಂದ ದೊರೆತ ಸಾಹಸ ಬಂಡವಾಳ ಈ ವಿಸ್ತರಣೆಗೆ ನೆರವಾಯಿತು. ಪ್ರಯೋಗಾಲಯದ ತಂತ್ರವನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಲು ರಾಸಾಯನಿಕ ಎಂಜಿನಿಯರುಗಳು ಬೇಕಾಗಿದ್ದರು. 1990ರಲ್ಲಿ ಸಂಸ್ಥೆ ಸೇರಿದ ಅರುಣ್ ಚಂದಾವರ್ಕರ್ ಅಂಥವರಲ್ಲಿ ಪ್ರಮುಖರು. ಮುಂಬಯಿಯ ಐಐಟಿಯಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಪದವಿ ಪಡೆದ ಅವರು ಅಮೆರಿಕದ ಎಂಐಟಿಯಿಂದ ಜೀವರಾಸಾಯನಿಕ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಗಳಿಸಿದ್ದರು. 2014ರಲ್ಲಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾಗಿ 2019ರ ನವೆಂಬರ್‌ವರೆಗೆ ಆ ಸ್ಥಾನದಲ್ಲಿದ್ದರು.

ಅವರ ನಂತರ ಬಂದ ಸಿದ್ಧಾರ್ಥ್ ಮಿತ್ತಲ್ ಲೆಕ್ಕಪತ್ರ ಕ್ಷೇತ್ರದವರು. 2013ರಲ್ಲಿ ಸಂಸ್ಥೆ ಸೇರಿ ಮುಖ್ಯ ಹಣಕಾಸು ಅಧಿಕಾರಿಯಾಗಿದ್ದ ಅವರು 2019ರ ಡಿಸೆಂಬರ್‌ನಲ್ಲಿ ಮುಖ್ಯ ಕಾರ್ಯನಿರ್ವಾಹಕರಾದರು. 2020ರ ಏಪ್ರಿಲ್‌ನಲ್ಲಿ ಅವರು ವ್ಯವಸ್ಥಾಪಕ ನಿರ್ದೇಶಕರಾದಾಗ ಕಿರಣ್ ಮಜುಂದಾರ್ ಶಾ ಕಾರ್ಯಕಾರಿ ಅಧ್ಯಕ್ಷೆಯಾದರು. ಅಲ್ಲಿಯವರೆಗೆ ಅಧ್ಯಕ್ಷ ಹಾಗೂ ವ್ಯವಸ್ಥಾಪಕ ನಿರ್ದೇಶಕ ಸ್ಥಾನಗಳೆರಡೂ ಸ್ಥಾಪಕಿಯಲ್ಲೇ ಸೇರಿದ್ದವು. ದೊಡ್ಡ ಕಂಪನಿಗಳಲ್ಲಿ ಈ ಎರಡು ಸ್ಥಾನಗಳನ್ನು ಪ್ರತ್ಯೇಕಿಸಬೇಕೆಂದು ಷೇರು ನಿಯಂತ್ರಣ ಮಂಡಳಿಯಾದ ಸೆಬಿ ಆ ಅವಧಿಯಲ್ಲಿ ಸೂಚಿಸಿತ್ತು. 2022ರಲ್ಲಿ ಅದನ್ನು ಕಂಪನಿಗಳ ಇಚ್ಛೆಗೆ ಬಿಟ್ಟಿತು.

ಅಂಗಸಂಸ್ಥೆಗಳಿಗೆ ಪ್ರತ್ಯೇಕ ನಾಯಕತ್ವವಿದೆ. ಸಂಶೋಧನಾ ಸೇವೆ ಒದಗಿಸುವ ಸಿಂಜಿನ್ ಸಂಸ್ಥೆಯು 2015ರಲ್ಲಿ ಷೇರುಪೇಟೆ ಪ್ರವೇಶಿಸಿತು. ಅದನ್ನು ಮುನ್ನಡೆಸಿದ ಪೀಟರ್ ಬೇನ್ಸ್ ಗ್ಲಾಕ್ಸೊಸ್ಮಿತ್‌ಕ್ಲೈನ್‌ನಿಂದಲೂ ಜೊನಾಥನ್ ಹಂಟ್ ಅಸ್ಟ್ರಾಜೆನೆಕಾದಿಂದಲೂ ಬಂದವರು. ಜೈವಿಕ ಸದೃಶ ಔಷಧಿಗಳನ್ನು ತಯಾರಿಸುವ ಬಯೋಕಾನ್ ಬಯಾಲಾಜಿಕ್ಸ್‌ನ ಹೊಣೆಯನ್ನು 2021ರಲ್ಲಿ ಚಂದಾವರ್ಕರ್ ವಹಿಸಿಕೊಂಡರು. 2022ರ ಡಿಸೆಂಬರ್‌ನಲ್ಲಿ ಆ ಸ್ಥಾನಕ್ಕೆ ಬಂದ ಶ್ರೀಹಾಸ್ ತಾಂಬೆ 1997ರಿಂದಲೇ ಸಂಸ್ಥೆಯಲ್ಲಿದ್ದವರು. ಸೇವಾ ವ್ಯವಹಾರಕ್ಕೆ ಹೊರಗಿನವರನ್ನು ಕರೆತಂದ ಸಂಸ್ಥೆಯು ತಯಾರಿಕೆಗೆ ಒಳಗೇ ಬೆಳೆದವರನ್ನು ಆರಿಸಿಕೊಂಡಿರುವುದು ಇಲ್ಲಿ ಕಂಡುಬರುತ್ತದೆ.

ನಿರ್ದೇಶಕ ಮಂಡಳಿ

ದಿನನಿತ್ಯದ ಆಡಳಿತ ವ್ಯವಸ್ಥಾಪಕರ ಕೆಲಸ. ಅವರನ್ನು ನೇಮಿಸುವುದು, ಅವರ ವೇತನ ಶಿಫಾರಸು ಮಾಡುವುದು, ದೊಡ್ಡ ಹೂಡಿಕೆಗಳಿಗೆ ಒಪ್ಪಿಗೆ ನೀಡುವುದು ಮತ್ತು ಲೆಕ್ಕಪತ್ರಗಳನ್ನು ಅಂಗೀಕರಿಸುವುದು ನಿರ್ದೇಶಕ ಮಂಡಳಿಯ ಹೊಣೆ. 2004ರ ಏಪ್ರಿಲ್ 7ರಂದು ಬಯೋಕಾನ್ ಷೇರುಪೇಟೆ ಪ್ರವೇಶಿಸಿತು. ಮೊದಲ ದಿನದ ಅಂತ್ಯಕ್ಕೆ ಅದರ ಮಾರುಕಟ್ಟೆ ಮೌಲ್ಯ 111 ಕೋಟಿ ಡಾಲರ್ ತಲುಪಿತ್ತು. ಅಂದಿನಿಂದ ಮಂಡಳಿಯು ಸ್ಥಾಪಕ ಕುಟುಂಬಕ್ಕಷ್ಟೇ ಅಲ್ಲದೆ ಸಾರ್ವಜನಿಕ ಷೇರುದಾರರಿಗೂ ಉತ್ತರದಾಯಿಯಾಯಿತು.

ಮಂಡಳಿಯ ಸ್ವತಂತ್ರ ನಿರ್ದೇಶಕರಲ್ಲಿ ಆರಂಭದಿಂದಲೂ ವಿದ್ವಾಂಸರಿಗೆ ಪ್ರಾಮುಖ್ಯ ದೊರೆತಿದೆ. ಎಂಐಟಿಯ ಪ್ರಾಧ್ಯಾಪಕ ಚಾರ್ಲ್ಸ್ ಕೂನಿ ಹುದುಗುವಿಕೆ ತಂತ್ರಜ್ಞಾನದ ತಜ್ಞರು. ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆ ಅವರ ಕೊಡುಗೆಯಿಂದ ಎಂಐಟಿಯಲ್ಲಿ ಆರಂಭವಾದ ದೇಶಪಾಂಡೆ ಕೇಂದ್ರದ ಮೊದಲ ಬೋಧಕ ನಿರ್ದೇಶಕರೂ ಹೌದು. ಹಾರ್ವರ್ಡ್ ವೈದ್ಯಕೀಯ ಶಾಲೆಯ ರೋಗನಿರೋಧಕ ಶಾಸ್ತ್ರಜ್ಞ ವಿಜಯ್ ಕುಚ್ರೂ ಮೂಲತಃ ಹಿಸಾರ್‌ನಲ್ಲಿ ಪಶುವೈದ್ಯಕೀಯ ಓದಿದವರು. ಸಂಸ್ಥೆಯು ಕಿಣ್ವಗಳಿಂದ ಪ್ರತಿಕಾಯಗಳ ಕಡೆಗೆ ಸಾಗಿದ ದಾರಿಯನ್ನು ಈ ಇಬ್ಬರ ಪರಿಣತಿಯ ವ್ಯತ್ಯಾಸದಲ್ಲೇ ಗುರುತಿಸಬಹುದು.

ಔಷಧ ಉದ್ಯಮದಿಂದ ಬಂದವರಲ್ಲಿ ಮಧುಮೇಹ ಔಷಧಿಗಳ ಅಮಿಲಿನ್ ಸಂಸ್ಥೆಯನ್ನು ಮುನ್ನಡೆಸಿದ್ದ ಡೇನಿಯಲ್ ಬ್ರಾಡ್‌ಬರಿ ಹಾಗೂ ತೇವಾ ಸಂಸ್ಥೆಯ ಮಾಜಿ ಮುಖ್ಯಸ್ಥ ಜೆರೆಮಿ ಲೆವಿನ್ ಸೇರಿದ್ದಾರೆ. ಐರ್ಲೆಂಡಿನ ಉಪಪ್ರಧಾನಿ ಮತ್ತು ಆರೋಗ್ಯ ಸಚಿವೆಯಾಗಿದ್ದ ಮೇರಿ ಹಾರ್ನಿ ಅವರ ನೇಮಕವು ಸಂಸ್ಥೆಯ ಐರಿಷ್ ಮೂಲವನ್ನು ನೆನಪಿಸುತ್ತದೆ. 2005ರಿಂದ 2008ರವರೆಗೆ ಸೆಬಿಯ ಅಧ್ಯಕ್ಷರಾಗಿದ್ದ ಎಂ. ದಾಮೋದರನ್, ತೆರಿಗೆ ತಜ್ಞ ಬಾಬಿ ಪಾರೀಖ್ ಮತ್ತು ಎಚ್‌ಎಸ್‌ಬಿಸಿ ಬ್ಯಾಂಕಿನ ಭಾರತೀಯ ವಿಭಾಗದ ಮಾಜಿ ಮುಖ್ಯಸ್ಥೆ ನೈನಾ ಲಾಲ್ ಕಿದ್ವಾಯಿ ಹಣಕಾಸು ಮತ್ತು ನಿಯಂತ್ರಣ ಕ್ಷೇತ್ರಗಳ ಅನುಭವ ತಂದವರು.

ಕುಟುಂಬ ಮತ್ತು ಸ್ವಾತಂತ್ರ್ಯದ ಪ್ರಶ್ನೆ

2013ರ ಕಂಪನಿ ಕಾಯ್ದೆಯ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ನಿರ್ದೇಶಕರಲ್ಲಿ ಕನಿಷ್ಠ ಮೂರನೇ ಒಂದರಷ್ಟು ಮಂದಿ ಸ್ವತಂತ್ರರಾಗಿರಬೇಕು. ಅಧ್ಯಕ್ಷರು ಕಾರ್ಯಕಾರಿಯಾಗಿದ್ದರೆ ಅಥವಾ ಪ್ರವರ್ತಕರಾಗಿದ್ದರೆ ಸೆಬಿ ನಿಯಮದಂತೆ ಈ ಪ್ರಮಾಣ ಕನಿಷ್ಠ ಅರ್ಧಕ್ಕೆ ಏರುತ್ತದೆ. ಬಯೋಕಾನ್‌ಗೆ ಅನ್ವಯಿಸಿದ್ದು ಈ ಎರಡನೆಯ ನಿಯಮ. ಪ್ರವರ್ತಕರ ಬಂಧುಗಳು ಎಷ್ಟೇ ಪರಿಣತರಾದರೂ ಸ್ವತಂತ್ರ ನಿರ್ದೇಶಕರೆನಿಸುವುದಿಲ್ಲ. ಸ್ವತಂತ್ರ ನಿರ್ದೇಶಕರು ಐದೈದು ವರ್ಷಗಳ ಎರಡು ಅವಧಿಗಳನ್ನು ಮುಗಿಸಿದ ಮೇಲೆ ಮೂರು ವರ್ಷ ಕಳೆಯದೆ ಅದೇ ಮಂಡಳಿಗೆ ಆ ಸ್ಥಾನದಲ್ಲಿ ಹಿಂತಿರುಗುವಂತಿಲ್ಲ. ದೀರ್ಘಕಾಲ ಒಟ್ಟಿಗೆ ಕುಳಿತವರು ಸ್ನೇಹದಿಂದಾಗಿ ಕಠಿಣ ಪ್ರಶ್ನೆ ಕೇಳದಿರುವ ಸಾಧ್ಯತೆಯನ್ನು ತಡೆಯುವುದು ಇದರ ಉದ್ದೇಶ.

ಬಯೋಕಾನ್ ಮಂಡಳಿಯಲ್ಲಿ ಸ್ಥಾಪಕಿಯ ಕುಟುಂಬದ ಸದಸ್ಯರು ಸದಾ ಇದ್ದಾರೆ. ಪತಿಯಲ್ಲದೆ, ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಸಹೋದರ ರವಿ ಮಜುಂದಾರ್ ಅನೇಕ ವರ್ಷ ನಿರ್ದೇಶಕರಾಗಿದ್ದರು. 2021ರಲ್ಲಿ ಜಾನ್ ಶಾ ನಿವೃತ್ತರಾದ ನಂತರ ರವಿ ಅವರ ಪುತ್ರ ಎರಿಕ್ ಮಜುಂದಾರ್ ಮಂಡಳಿಗೆ ಬಂದರು. ಅವರು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಗಣಕ ವಿಜ್ಞಾನ ಮತ್ತು ಅರ್ಥಶಾಸ್ತ್ರ ಬೋಧಿಸುತ್ತಾರೆ. ಎರಿಕ್ ಅವರ ಸಹೋದರಿ ಕ್ಲೇರ್ ಮಜುಂದಾರ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ಯಾನ್ಸರ್ ಜೀವಶಾಸ್ತ್ರದ ಡಾಕ್ಟರೇಟ್ ಪಡೆದವರು. ಬಯೋಕಾನ್‌ನ ಆಶ್ರಯದಲ್ಲಿ ಆರಂಭವಾಗಿ 2024ರಲ್ಲಿ ಅಮೆರಿಕದ ನಾಸ್ಡಾಕ್ ಪ್ರವೇಶಿಸಿದ ಬೈಕಾರಾ ಥೆರಪ್ಯೂಟಿಕ್ಸ್ ಸಂಸ್ಥೆಯನ್ನು ಅವರು ಮುನ್ನಡೆಸುತ್ತಿದ್ದಾರೆ. ಹೊಸ ತಲೆಮಾರಿನ ಇಬ್ಬರೂ ಉನ್ನತ ವ್ಯಾಸಂಗ ಮಾಡಿದವರೆಂಬುದು ನಿಜ. ಆದರೆ ಅರ್ಹತೆ ಮತ್ತು ಸ್ವಾತಂತ್ರ್ಯ ಕಾನೂನಿನ ದೃಷ್ಟಿಯಲ್ಲಿ ಬೇರೆಬೇರೆ ಸಂಗತಿಗಳು.

ಮಂಡಳಿಯ ಪ್ರಮುಖ ನಿರ್ಧಾರಗಳು

2007ರಲ್ಲಿ ಸಂಸ್ಥೆಯು ತನ್ನ ಕಿಣ್ವ ವಿಭಾಗವನ್ನು ಡೆನ್ಮಾರ್ಕಿನ ನೊವೊಜೈಮ್ಸ್‌ಗೆ 11.5 ಕೋಟಿ ಡಾಲರಿಗೆ ಮಾರಿತು. ಹುಟ್ಟಿಗೆ ಕಾರಣವಾದ ವ್ಯವಹಾರವನ್ನೇ ಬಿಟ್ಟುಕೊಟ್ಟು ಸಂಸ್ಥೆಯು ಸಂಪೂರ್ಣವಾಗಿ ಔಷಧ ಕ್ಷೇತ್ರದತ್ತ ಹೊರಳಿತು. ಹುದುಗುವಿಕೆಯ ಜ್ಞಾನ ಮಾತ್ರ ಉಳಿಯಿತು: ಪಿಚಿಯಾ ಎಂಬ ಯೀಸ್ಟಿನ ಮೂಲಕ ಮಾನವ ಇನ್ಸುಲಿನ್ ತಯಾರಿಸುವ ವಿಧಾನವನ್ನು ಸಂಸ್ಥೆ 2003ರಲ್ಲೇ ರೂಪಿಸಿತ್ತು.

ಇನ್ನೂ ದೊಡ್ಡ ನಿರ್ಧಾರ 2022ರದು. ಆ ವರ್ಷದ ಫೆಬ್ರುವರಿಯಲ್ಲಿ ಬಯೋಕಾನ್ ಬಯಾಲಾಜಿಕ್ಸ್ ತನ್ನ ಪಾಲುದಾರ ಸಂಸ್ಥೆಯಾದ ವಿಯಾಟ್ರಿಸ್‌ನ ಜೈವಿಕ ಸದೃಶ ಔಷಧಿಗಳ ವ್ಯವಹಾರವನ್ನು ಗರಿಷ್ಠ 333.5 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. ನವೆಂಬರ್‌ನಲ್ಲಿ ಖರೀದಿ ಪೂರ್ಣಗೊಂಡಿತು. ಇದರಲ್ಲಿ 200 ಕೋಟಿ ಡಾಲರನ್ನು ನಗದಾಗಿ ಕೊಡಬೇಕಿತ್ತು. ಅಲ್ಲಿಯವರೆಗೆ ಅಮೆರಿಕ ಮತ್ತು ಯುರೋಪಿನಲ್ಲಿ ಬಯೋಕಾನ್ ತಯಾರಿಸಿದ ಔಷಧಿಗಳನ್ನು ಮಾರುತ್ತಿದ್ದುದು ವಿಯಾಟ್ರಿಸ್. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಮೂಲ ಔಷಧಿಗೆ ಬದಲಾಗಿ ಔಷಧಿ ಅಂಗಡಿಯಲ್ಲೇ ನೀಡಬಹುದೆಂದು ಮಾನ್ಯ ಮಾಡಿದ ಮೊದಲ ಇನ್ಸುಲಿನ್ ಕೂಡ ಈ ಪಾಲುದಾರಿಕೆಯದೇ. ಖರೀದಿಯಿಂದ ಮಾರಾಟದ ಹಿಡಿತ ಬೆಂಗಳೂರಿಗೆ ಬಂದಿತು. ಅದರೊಂದಿಗೆ ಭಾರೀ ಸಾಲವೂ ಬಂದಿತು. ಮುಂದಿನ ವರ್ಷಗಳಲ್ಲಿ ಸಾಲದ ಹೊರೆ ಇಳಿಸುವುದು ಮಂಡಳಿಯ ಮುಖ್ಯ ಕಾರ್ಯಸೂಚಿಗಳಲ್ಲಿ ಒಂದಾಯಿತು.

ಇತರ ಹೊಣೆಗಳು

ಕಿರಣ್ ಮಜುಂದಾರ್ ಶಾ ಅವರು ಬೇರೆ ಸಂಸ್ಥೆಗಳ ಮಂಡಳಿಗಳಲ್ಲೂ ಸೇವೆ ಸಲ್ಲಿಸಿದ್ದಾರೆ. 2014ರಿಂದ 2023ರವರೆಗೆ ಇನ್ಫೋಸಿಸ್‌ನ ಸ್ವತಂತ್ರ ನಿರ್ದೇಶಕಿಯಾಗಿದ್ದರು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನೂ, ಜೈವಿಕ ತಂತ್ರಜ್ಞಾನ ಕುರಿತ ಕರ್ನಾಟಕ ಸರ್ಕಾರದ ಸಲಹಾ ಸಮಿತಿಯ ಅಧ್ಯಕ್ಷತೆಯನ್ನೂ ವಹಿಸಿದ್ದರು. ಅವರಿಗೆ 1989ರಲ್ಲಿ ಪದ್ಮಶ್ರೀ, 2005ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಲಭಿಸಿವೆ.